ವಾದದ ಕಟ್ಟಳೆ ಮತ್ತು ಜಾಹೀರಾತು: ಗೀಗೀ ಮೇಳದ ಬೆಳಕಿನಲ್ಲಿ ಗಣಕ ಪತ್ರಿಕೆಗಳು

ಬೀಳಗಿ, ಮುಧೋಳ, ಜಮಖಂಡಿ ಪರಿಸರದ ಹರದೇಶಿ–ನಾಗೇಶಿ ವಾದಕ್ಕೆ ಒಂದು ಕಟ್ಟಳೆಯಿದೆ. ಎರಡೂ ಮೇಳಗಳನ್ನು ಕರೆಸುವವರು ಊರವರೇ; ಒಂದು ಮೇಳದ ಸವಾಲಿಗೆ ಇನ್ನೊಂದು ಅದೇ ಕಟ್ಟೆಯ ಮೇಲೆ ಜವಾಬು ಕೊಡುತ್ತದೆ. ಪ್ರತಿಸ್ಪರ್ಧಿ ತಂತ್ರಜ್ಞಾನಗಳನ್ನು ತೂಗಿ ನೋಡುವ ಗಣಕ ಪತ್ರಿಕೆಗಳ ವಿಮರ್ಶೆಯೂ ಸ್ವರೂಪತಃ ಇಂಥ ವಾದವೇ. ಆದರೆ ಅಲ್ಲಿ ವೆಚ್ಚ ಭರಿಸುವವರು ಬಹುಮಟ್ಟಿಗೆ ಓದುಗರಲ್ಲ, ಜಾಹೀರಾತುದಾರರು.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ, ಮೈಕ್ರೋಸಾಫ್ಟ್ ಸಂಸ್ಥೆಯು ಲಂಡನ್ನಿನ ‘ದಿ ಟೈಮ್ಸ್’ ದಿನಪತ್ರಿಕೆಯ ಅಂದಿನ ಸಂಚಿಕೆಯ ವೆಚ್ಚ ಭರಿಸಿ ಉಚಿತವಾಗಿ ಹಂಚಿಸಿತು. 1994ರಲ್ಲಿ ಬಂದಿದ್ದ ಐ.ಬಿ.ಎಂ.ನ ಓಎಸ್/2 ವಾರ್ಪ್ ಈ ಅಬ್ಬರದೆದುರು ಮಂಕಾಯಿತು. ಅದರ ಸೋಲಿಗೆ ಜಾಹೀರಾತೊಂದೇ ಕಾರಣವಲ್ಲ. ವಿಂಡೋಸ್‌ಗೆ ದೊರೆಯುತ್ತಿದ್ದ ತಂತ್ರಾಂಶಗಳೂ ಹೆಚ್ಚಿದ್ದವು. ವಿಮರ್ಶಕನ ಅಭಿಪ್ರಾಯವನ್ನೇ ಹಣ ಕೊಳ್ಳುತ್ತದೆಂಬುದೂ ಸರಳೀಕರಣವೇ. ಪುಟಗಳ ಸಂಖ್ಯೆ ಜಾಹೀರಾತನ್ನು ಅವಲಂಬಿಸಿದಾಗ, ಯಾವ ವಿಷಯಕ್ಕೆ ಪುಟವೆಂಬುದು ಬಹುಪಾಲು ಮೊದಲೇ ತೀರ್ಮಾನವಾಗಿರುತ್ತದೆ. ಪಕ್ಷಪಾತವು ಹೊಗಳಿಕೆಗಿಂತ ಮೌನದಲ್ಲಿ ನೆಲೆಸುತ್ತದೆ.

ಅಪವಾದವೂ ಉಂಟು. ಜಾಹೀರಾತು ಕೊಡುವ ಒಡೆಯನಿಲ್ಲದ ಲಿನಕ್ಸನ್ನು ‘ಪಿಸಿ ಕ್ವೆಸ್ಟ್’ 1996ರಲ್ಲಿ ಸಿ.ಡಿ.ಯ ಮೂಲಕ ಭಾರತದ ಓದುಗರಿಗೆ ತಲುಪಿಸಿತು.

ಕನ್ನಡದ ಸ್ಥಿತಿ ಬೇರೆ. ಶೇಷಾದ್ರಿವಾಸು ಅವರ ‘ಬರಹ’ (1998), ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ಬಂದು, ಜನಪದ ಹಾಡಿನಂತೆ ಬಾಯಿಂದ ಬಾಯಿಗೆ ಹರಡಿದವು. ಪ್ರಸರಣ ನಡೆಯಿತು, ಅವುಗಳ ಸಂಕೇತಕ್ರಮವನ್ನು ಯುನಿಕೋಡಿನೊಡನೆ ಹೋಲಿಸಿ ತೂಗುವ ಸಾರ್ವಜನಿಕ ವಾದ ಸಾಕಷ್ಟು ಬೆಳೆಯಲಿಲ್ಲ. ಹಳೆಯ ಸಂಕೇತಕ್ರಮದಲ್ಲಿ ಉಳಿದ ಜಾನಪದ ಸಂಗ್ರಹಗಳನ್ನು ಪರಿವರ್ತಿಸದೆ ಇಂದು ಹುಡುಕಲಾಗದು. ಜಾಹೀರಾತಿನ ಹಂಗಿಲ್ಲದ ವಿದ್ವತ್ ಪತ್ರಿಕೆಗಳಾದರೂ ಈ ವಾದವನ್ನು ನಡೆಸಬೇಕಿದೆ. ಕರೆಸುವವರಿಲ್ಲದಿದ್ದರೆ ಎದುರು ಮೇಳದ ದನಿ ಕೇಳಿಸುವುದಿಲ್ಲ.