ಆ ಕಾರ್ಡನ್ನು ಮಕ್ಕಳೇ ಬರೆಯಲಿ

ಕಲಾದಗಿ ಸೀಮೆಯಲ್ಲಿ ಶಾಲೆಯ ಕಂಪ್ಯೂಟರಿನ ಮಾತು ಬಂದರೆ ಒಂದು ಅಭಿಪ್ರಾಯ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ: ಮಕ್ಕಳಿಗೆ ಬಳಸುವುದನ್ನು ಕಲಿಸಿದರೆ ಸಾಕು, ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕುವುದು ಅಂಗಡಿಯವರ ಕೆಲಸ. ರಾಸ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಬಂದರೂ ಮಾತು ಅದೇ. "ಬಿಡ್ರಿ ಸರ, ಬಾಗಲಕೋಟಿಗಿ ಹೋದಾಗ ಕಾರ್ಡಿನ್ಯಾಗ ಹಾಕಿಸ್ಕೊಂಡ್ ಬಂದ್ರಾತು." ಹೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲ. ಸಮಯ ಉಳಿಯಲಿ, ಯಂತ್ರ ಹಾಳಾಗದಿರಲಿ ಎಂಬ ಕಾಳಜಿಯೇ ಇದೆ. ಆದರೂ ನಾನಿದನ್ನು ಒಪ್ಪುವುದಿಲ್ಲ. ಮೆಮೊರಿ ಕಾರ್ಡಿಗೆ ಓಎಸ್ ಇಮೇಜ್ ಬರೆಯುವುದು ಪಾಠಕ್ಕೆ ಮುಂಚಿನ ಚಾಕರಿಯಲ್ಲ, ಪಾಠವೇ ಅದು. ಅದನ್ನು ಅಂಗಡಿಗೆ ಒಪ್ಪಿಸಿದರೆ ಶಾಲೆಯಲ್ಲಿ ಉಳಿಯುವುದು ಗುಂಡಿ ಒತ್ತುವ ಅಭ್ಯಾಸವಷ್ಟೆ.

ಈ ಯಂತ್ರ ಹುಟ್ಟಿದ್ದೇ ಇಂಥ ಅಭ್ಯಾಸದ ವಿರುದ್ಧ. 2000ದ ದಶಕದ ನಡುವೆ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಗಮನಿಸಿದ್ದು ಒಂದೇ ಸಂಗತಿ: ಕಂಪ್ಯೂಟರ್ ವಿಜ್ಞಾನ ಓದಲು ಬರುವವರ ಸಂಖ್ಯೆ ಇಳಿಯುತ್ತಿದೆ, ಬಂದವರಿಗೂ ಯಂತ್ರದ ಒಳಗಿನ ಪರಿಚಯವಿಲ್ಲ. ಮಕ್ಕಳು ಹೆದರದೆ ಬಿಚ್ಚಿ, ಕೆಡಿಸಿ, ಮತ್ತೆ ಸರಿಮಾಡಿಕೊಳ್ಳಬಹುದಾದ ಅಗ್ಗದ ಕಂಪ್ಯೂಟರ್ ಬೇಕೆಂದು ಅವರು ಹಟ ಹಿಡಿದರು. 2012ರ ಫೆಬ್ರುವರಿ 29ರಂದು ಮೊದಲ ಬೋರ್ಡು ಮಾರಾಟಕ್ಕೆ ಬಂತು. ಅದರಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಓಎಸ್, ಮಕ್ಕಳ ಬರಹ, ಚಿತ್ರ, ಎಲ್ಲವೂ ಒಂದು ಮೆಮೊರಿ ಕಾರ್ಡಿನಲ್ಲಿ. ಕಾರ್ಡು ತೆಗೆದರೆ ಉಳಿಯುವುದು ಬರೀ ಬೋರ್ಡು.

ಆ ಕಾರ್ಡಿಗೆ ಓಎಸ್ ಹೋಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡೌನ್‌ಲೋಡ್ ಮಾಡಿದ ಇಮೇಜ್ ಫೈಲನ್ನು ಹಾಡು, ಫೋಟೋಗಳಂತೆ ಕಾಪಿ ಮಾಡಿ ಕಾರ್ಡಿಗೆ ಪೇಸ್ಟ್ ಮಾಡಿದರೆ ಏನಾಗುತ್ತದೆ? ಪೈಗೆ ಹಾಕಿ ಕರೆಂಟ್ ಕೊಟ್ಟರೆ ಕೆಂಪು ದೀಪ ಉರಿಯುತ್ತದೆ, ಪಕ್ಕದ ಹಸಿರು ದೀಪ ಎಂದಿನಂತೆ ಮಿಟುಕುವುದಿಲ್ಲ, ಓಎಸ್ ಏಳುವುದಿಲ್ಲ. ಯಾಕೆಂದರೆ ಇಮೇಜ್ ಎಂದರೆ ಕಾರ್ಡಿನೊಳಗೆ ಇಡುವ ವಸ್ತುವಲ್ಲ, ಇಡೀ ಕಾರ್ಡಿನ ಪಡಿಯಚ್ಚು. ಮೊದಲ 512 ಬೈಟಿನಲ್ಲಿ ಕಾರ್ಡನ್ನು ಹೇಗೆ ಪಾಲು ಮಾಡಿದೆ ಎಂಬ ಪಟ್ಟಿ, ಆಮೇಲೆ ಬೂಟ್ ಆಗಲು ಬೇಕಾದ ಫೈಲುಗಳಿರುವ ಸಣ್ಣ ಪಾಲು, ಅದರಾಚೆ ಪೈಯ ಓಎಸ್ ಆದ ಲಿನಕ್ಸ್ ವಾಸಿಸುವ ದೊಡ್ಡ ಪಾಲು. ಮೊದಲ ಬೈಟಿನಿಂದ ಕೊನೆಯದರವರೆಗೆ ಅದೇ ಕ್ರಮದಲ್ಲಿ ಬರೆದರೆ ಮಾತ್ರ ಯಂತ್ರಕ್ಕೆ ದಾರಿ ಸಿಗುತ್ತದೆ. ರಾಸ್‌ಬೆರಿ ಪೈ ಇಮೇಜರ್, ಎಚರ್ ಮೊದಲಾದ ತಂತ್ರಾಂಶಗಳು ಮಾಡುವುದು ಇದನ್ನೇ.

ಬರೆದಾದ ಮೇಲೆ ಆ ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ನೋಡಿ. 32 ಜಿಬಿ ಕಾರ್ಡಿನಲ್ಲಿ ಐನೂರು ಎಂಬಿ ಆಸುಪಾಸಿನ ಒಂದು ಪಾಲಷ್ಟೇ ತೆರೆದುಕೊಳ್ಳುತ್ತದೆ. ಜೊತೆಗೆ, ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಗೊತ್ತಿಲ್ಲದವರು ಹೂಂ ಎನ್ನುತ್ತಾರೆ, ಬರೆದದ್ದೆಲ್ಲ ಹೋಗುತ್ತದೆ. ಲಿನಕ್ಸಿನ ಪಾಲನ್ನು ವಿಂಡೋಸ್ ಓದಲಾರದು, ಆದ್ದರಿಂದ ಅದಕ್ಕೆ ಅಲ್ಲಿ ಏನೂ ಇಲ್ಲ ಎನ್ನಿಸುತ್ತದೆ. ಒಂದು ಯಂತ್ರಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ ಎಂಬುದನ್ನು ಏಳನೆಯ ತರಗತಿಯ ಹುಡುಗಿಗೆ ಕಣ್ಣೆದುರು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವ ಪಠ್ಯಪುಸ್ತಕದಲ್ಲಿದೆ? ಅದೇ ಕಾರ್ಡಿನ ಮೇಲೆ 32 ಎಂದು ಅಚ್ಚಾಗಿದ್ದರೂ ಇಡೀ ಕಾರ್ಡಿನ ಅಳತೆಯೆಂದು ಲ್ಯಾಪ್‌ಟಾಪ್ ತೋರಿಸುವುದು 29.8ರ ಸುಮಾರು. ಕಾರ್ಡು ಮಾಡಿದವರು ಸಾವಿರದ ಲೆಕ್ಕ ಹಿಡಿದಿದ್ದಾರೆ, ವಿಂಡೋಸ್ 1024ರ ಲೆಕ್ಕ ಹಿಡಿದಿದೆ. ಘಾತಾಂಕದ ಗಣಿತ ಇಲ್ಲಿ ತಾನಾಗಿ ಬಂದು ಕೂರುತ್ತದೆ. ಅಂಗಡಿಯಿಂದ ಸಿದ್ಧ ಕಾರ್ಡು ತಂದ ಶಾಲೆಯಲ್ಲಿ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಈಗ ಎದುರು ವಾದಕ್ಕೆ ಬರೋಣ. ಅದರಲ್ಲಿ ಹುರುಳಿರುವುದು ಒಂದೇ ಕಡೆ: ಬರೆಯುವಾಗ ಕಾರ್ಡಿನ ಬದಲು ಲ್ಯಾಪ್‌ಟಾಪಿನ ಡಿಸ್ಕನ್ನೇ ಆರಿಸಿದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಲಿನಕ್ಸಿನ 'ಡಿಡಿ' ಆಜ್ಞೆಗೆ ಈ ಕಾರಣಕ್ಕೇ ಕೆಟ್ಟ ಹೆಸರಿದೆ, ಅದು ಮತ್ತೊಮ್ಮೆ ಕೇಳುವುದಿಲ್ಲ. ಅಪಾಯ ನಿಜ. ಆದರೆ ಕಾಯುವ ದಾರಿ ಬಹಳ ಸರಳ. ಕಾರ್ಡು ಹಾಕುವ ಮುಂಚೆ ಒಮ್ಮೆ 'ಎಲ್‌ಎಸ್‌ಬಿಎಲ್‌ಕೆ' ಆಜ್ಞೆ ಕೊಟ್ಟು ಡಿಸ್ಕುಗಳ ಪಟ್ಟಿ ನೋಡುವುದು, ಹಾಕಿದ ಮೇಲೆ ಇನ್ನೊಮ್ಮೆ ನೋಡುವುದು. ಹೊಸದಾಗಿ ಯಾವ ಸಾಲು ಬಂತೋ ಅದೇ ಕಾರ್ಡು. ಅದರ ಮುಂದೆ ಬರೆದ ಅಳತೆ ಕಾರ್ಡಿನದ್ದೇ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಯುವುದು. ಡಿಡಿ ಬೇಡವಾದರೆ ಇಮೇಜರ್ ಇದೆ, ಅದು ಯಂತ್ರದ ಸ್ವಂತ ಡಿಸ್ಕನ್ನು ಪಟ್ಟಿಯಿಂದ ಮರೆಮಾಡಬಲ್ಲದು, ಬರೆದ ಮೇಲೆ ಮತ್ತೆ ಓದಿ ತಾಳೆ ನೋಡುತ್ತದೆ. ಎರಡು ಸಲ ನೋಡಿ ಒಂದು ಸಲ ಮಾಡುವ ಶಿಸ್ತು ಮಕ್ಕಳಿಗೆ ಬರಬೇಕಾದರೆ ತಪ್ಪಿದರೆ ನಷ್ಟವಾಗುವಂಥ ಕೆಲಸವನ್ನು ಅವರ ಕೈಗೆ ಕೊಡಲೇಬೇಕು. ಶಾಲೆಯ ಲೆಕ್ಕಪತ್ರವಿರುವ ಲ್ಯಾಪ್‌ಟಾಪನ್ನು ಇದಕ್ಕೆ ಬಳಸಬೇಡಿ, ಅಷ್ಟೆ.

"ಏನರ ಕೆಟ್ಟ್ ಹೋದ್ರ ಯಾರ್ ಜವಾಬ್ದಾರಿ?" ಎಂಬ ಪ್ರಶ್ನೆ ನಮ್ಮ ಶಾಲೆಗಳ ಎಷ್ಟೋ ಕಂಪ್ಯೂಟರುಗಳನ್ನು ಬಟ್ಟೆ ಹೊದಿಸಿ ಕೂರಿಸಿದೆ. ಆ ಭಯ ಹಾರ್ಡ್ ಡಿಸ್ಕಿನ ಕಾಲದ್ದು. ಇಲ್ಲಿ ಕೆಡುವುದು ಕಾರ್ಡಿನ ಮೇಲಿನ ಬರಹ, ಬೋರ್ಡಲ್ಲ. ಮತ್ತೆ ಬರೆದರೆ ಯಂತ್ರ ಮೊದಲಿನಂತೆ. ಗುಳೇದಗುಡ್ಡ, ಇಳಕಲ್‌ ಕಡೆ ಜಕಾರ್ಡ್ ಕೂರಿಸಿದ ಮಗ್ಗವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ ಬದಲಿಸಿದರೆ ವಿನ್ಯಾಸ ಬದಲಾಗುತ್ತದೆ, ಮಗ್ಗ ಅದೇ ಇರುತ್ತದೆ. ಸರಪಳಿ ಬದಲಿಸಿದರೆ ಮಗ್ಗ ಕೆಟ್ಟೀತೆಂದು ಯಾವ ನೇಕಾರನೂ ಹೆದರುವುದಿಲ್ಲ.

ಇನ್ನೊಂದು ದೂರು, ಕಾರ್ಡು ಬಾಳಿಕೆ ಬರುವುದಿಲ್ಲ, ಆದ್ದರಿಂದ ಪೈ ಆಟಿಕೆ ಎಂಬುದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿನ ಫೈಲುಗಳ ಲೆಕ್ಕ ತಪ್ಪಿ ಯಂತ್ರ ಏಳದಿರುವುದು ಹೌದು, ಅದೂ ನಮ್ಮ ಬೇಸಿಗೆಯಲ್ಲಿ, ಕರೆಂಟ್ ಹೋಗಿ ಬರುವ ಊರುಗಳಲ್ಲಿ. ಆದರೆ ಈ ದೂರು ನಿಜವಾಗಿ ನನ್ನ ವಾದವನ್ನೇ ಬಲಪಡಿಸುತ್ತದೆ. ಕಾರ್ಡು ಕೈಕೊಡುವುದು ಖಚಿತವಾದರೆ, ಪ್ರತಿ ಸಲ ಕಲಾದಗಿಯಿಂದ ಬಾಗಲಕೋಟೆಯವರೆಗೆ ಬಸ್ಸು ಹತ್ತುವ ಶಾಲೆ ಚೆನ್ನಾಗಿ ನಡೆದೀತೋ, ಅಲ್ಲೇ ಹತ್ತಿಪ್ಪತ್ತು ನಿಮಿಷದಲ್ಲಿ ಮತ್ತೆ ಬರೆದುಕೊಳ್ಳುವ ಶಾಲೆಯೋ? ಕರೆಂಟ್ ಹೋದರೂ ಕೆಡದಂತೆ ಕಾರ್ಡನ್ನು ಓದಲಷ್ಟೇ ಬಳಸುವಂತೆ ಮಾಡುವ ಓವರ್‌ಲೇ ವ್ಯವಸ್ಥೆ ಪೈಯ ಓಎಸ್‌ನಲ್ಲೇ ಇದೆ. ಅದನ್ನು ಸದಾ ಚಾಲೂ ಇಡುವಂತಿಲ್ಲ, ಇಟ್ಟರೆ ಮಕ್ಕಳ ಬರಹ ಉಳಿಯುವುದಿಲ್ಲ. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಅಲ್ಲಿರುವವರೇ ತೀರ್ಮಾನಿಸಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕನ್ನಡದ ವಿಷಯ. ಅಂಗಡಿಯಲ್ಲಿ ಬರೆದ ಕಾರ್ಡು ಇಂಗ್ಲಿಷಿನಲ್ಲೇ ಎದ್ದು ನಿಲ್ಲುತ್ತದೆ. ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು. ಶಾಲೆಯೇ ಬರೆದುಕೊಂಡರೆ ಒಂದು ಕಾರ್ಡನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಬಹುದು: ಕನ್ನಡದ ಫಾಂಟುಗಳು, ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ, ಇಂಟರ್ನೆಟ್ ಇಲ್ಲದೆಯೂ ಓದಲು ಕಿವಿಕ್ಸ್ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯ. ಆ ಕಾರ್ಡಿನಿಂದಲೇ ಇಮೇಜ್ ತೆಗೆದು ಉಳಿದವಕ್ಕೆಲ್ಲ ಬರೆದರೆ ಹತ್ತು ಯಂತ್ರಗಳೂ ಕನ್ನಡದಲ್ಲಿ ಏಳುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. 32 ಜಿಬಿ ಎಂದು ಮಾರುವ ಎರಡು ಕಾರ್ಡುಗಳು ಒಂದೇ ಅಳತೆಯವಾಗಿರಬೇಕೆಂದಿಲ್ಲ, ಒಂದು ಕೆಲವು ಎಂಬಿ ಚಿಕ್ಕದಿದ್ದರೂ ಬರಹ ಕೊನೆಯಲ್ಲಿ ನಿಂತುಬಿಡುತ್ತದೆ. 'ಪೈಶ್ರಿಂಕ್' ಎಂಬ ಸಣ್ಣ ತಂತ್ರಾಂಶದಿಂದ ಇಮೇಜನ್ನು ಕುಗ್ಗಿಸಿಕೊಂಡು ಬರೆದರೆ ತೊಂದರೆಯಿಲ್ಲ. ಇಮೇಜ್ ತೆಗೆಯುವ ಮುಂಚೆ ವೈಫೈ ಪಾಸ್‌ವರ್ಡ್ ಅಳಿಸುವುದನ್ನು ಮರೆಯಬಾರದು, ಇಲ್ಲವಾದರೆ ಅದೂ ಎಲ್ಲ ಕಾರ್ಡಿಗೂ ಹೋಗುತ್ತದೆ.

ಇದೆಲ್ಲ ಹಳ್ಳಿ ಶಾಲೆಗೆ ಆಗದ ಮಾತು ಎನ್ನುವವರು ಕಾಸರಗೋಡಿನತ್ತ ನೋಡಬೇಕು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಹೊಂದಿಸಿದ ಲಿನಕ್ಸನ್ನು ಅದು ರಾಜ್ಯಕ್ಕೆಲ್ಲ ಕೊಡುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸುತ್ತಾರೆ, ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ಬುಗಳು ಹೈಸ್ಕೂಲುಗಳಲ್ಲಿ ನಡೆಯುತ್ತಿವೆ. ನಮ್ಮಲ್ಲೂ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಹೈಸ್ಕೂಲು ಶಿಕ್ಷಕರಿಗೆ ಉಬುಂಟು ಕಲಿಸಿದ ವಿಷಯ ಶಿಕ್ಷಕರ ವೇದಿಕೆಗಳಿದ್ದವು. ಅಲ್ಲಿ ಕಲಿತ ಗುರುಗಳು ಉತ್ತರ ಕರ್ನಾಟಕದಲ್ಲೂ ಇದ್ದಾರೆ. ಕೊರತೆ ಬುದ್ಧಿಯದಲ್ಲ. ಖರೀದಿ ಪಟ್ಟಿಯಲ್ಲಿ ಸ್ಮಾರ್ಟ್ ಬೋರ್ಡು ಇರುತ್ತದೆ, ಕೆಲವೇ ನೂರು ರೂಪಾಯಿಯ ಕಾರ್ಡ್ ರೀಡರ್ ಇರುವುದಿಲ್ಲ.

ಆ ಪಟ್ಟಿಗೆ ಸೇರಬೇಕಾದದ್ದು ಇಷ್ಟೆ: ಒಂದು ಕಾರ್ಡ್ ರೀಡರ್, ನಂಬುವಂಥ ಕಡೆ ಕೊಂಡ ನಾಲ್ಕು ಹೆಚ್ಚುವರಿ ಕಾರ್ಡುಗಳು, ಒಂದು ಪೆನ್‌ಡ್ರೈವಿನಲ್ಲಿ ಇಮೇಜ್ ಮತ್ತು ಅದರ 64 ಅಕ್ಷರಗಳ ತಾಳೆ ಸಂಖ್ಯೆ. ಡೌನ್‌ಲೋಡ್ ನಡುವೆ ಕಡಿದುಹೋಗಿದ್ದರೆ ಅದು ಗೊತ್ತಾಗುವುದು ಆ ಸಂಖ್ಯೆಯಿಂದಲೇ. ಪರೀಕ್ಷೆಯ ಹಿಂದಿನ ದಿನ ಮೂವತ್ತು ಕಾರ್ಡು ಬೇಕೆಂದರೆ ಸಿದ್ಧ ಕಾರ್ಡು ತರಿಸಿಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಗುರುಗಳಿಗೇ ಬರದಿದ್ದರೆ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಅವರನ್ನು ಒಂದು ಶನಿವಾರ ಕರೆಸಿ. ಬಂದವರು ಕಾರ್ಡುಗಳನ್ನು ತಾವೇ ಬರೆದಿಟ್ಟು ಹೋಗುವುದು ಬೇಡ. ಪಕ್ಕದಲ್ಲಿ ಕೂತು, ಏಳನೆಯ ತರಗತಿಯ ಮಕ್ಕಳ ಕೈಯಿಂದ ಬರೆಸಿ ಹೋಗಲಿ.