ಹತ್ತನೆಯವನ ಲೆಕ್ಕ

ಹೊಳೆ ದಾಟಿದ ಹತ್ತು ಮಂದಿಯ ಕಥೆ ವೇದಾಂತಪಾಠದಲ್ಲಿ ಹಳೆಯದು. ಎಲ್ಲರೂ ದಡ ಸೇರಿದರೋ ಇಲ್ಲವೋ ಎಂದು ಒಬ್ಬ ಎಣಿಸುತ್ತಾನೆ, ಒಂಬತ್ತೇ ಬರುತ್ತದೆ. ಮತ್ತೊಬ್ಬ ಎಣಿಸಿದರೂ ಒಂಬತ್ತೇ. ಒಬ್ಬ ಕೊಚ್ಚಿಹೋದನೆಂದು ಎಲ್ಲರೂ ಎದೆ ಬಡಿದುಕೊಂಡು ಅಳುತ್ತಾರೆ. ದಾರಿಹೋಕನೊಬ್ಬ ಬಂದು, ಎಣಿಸುತ್ತಿದ್ದವನ ಕಡೆಗೇ ಬೆರಳು ತೋರಿ, ಹತ್ತನೆಯವನು ನೀನೇ ಎನ್ನುತ್ತಾನೆ. ಉಪದೇಶಸಾಹಸ್ರಿಯಲ್ಲಿ ಈ ದೃಷ್ಟಾಂತವಿದೆ. ಪಂಚದಶಿಯ ತೃಪ್ತಿದೀಪ ಪ್ರಕರಣ ಇದನ್ನು ಅಜ್ಞಾನದಿಂದ ತೃಪ್ತಿಯವರೆಗೆ 7 ಅವಸ್ಥೆಗಳಾಗಿ ಬಿಡಿಸುತ್ತದೆ.

ಆ ಹತ್ತು ಮಂದಿಗೆ ಎಣಿಕೆ ಬರುತ್ತಿತ್ತು. ಕಣ್ಣೂ ನೆಟ್ಟಗಿತ್ತು. ತಪ್ಪಿದ್ದು ಒಂದೇ: ಎಣಿಸುವವನು ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದ್ವೈತ ಹೇಳುವ ಅವಿದ್ಯೆ ಇದು. ತಿಳಿವಳಿಕೆಯ ಕೊರತೆಗಿಂತ ತಪ್ಪು ತಿಳಿವಳಿಕೆಯ ಗಟ್ಟಿತನ ಇದರಲ್ಲಿ ಹೆಚ್ಚು. ಬ್ರಹ್ಮಸೂತ್ರಭಾಷ್ಯದ ಮೊದಲಿಗೇ ಬರುವ, ಅಧ್ಯಾಸವನ್ನು ಅಂದರೆ ಒಂದರ ಮೇಲೆ ಇನ್ನೊಂದನ್ನು ಹೊರಿಸಿಕೊಳ್ಳುವುದನ್ನು ಕುರಿತ ಅಧ್ಯಾಸಭಾಷ್ಯದಲ್ಲಿ ಶಂಕರರು ಇದನ್ನು ಆಕಾಶದಲ್ಲಿ ಹುಡುಕದೆ ನಮ್ಮ ದಿನನಿತ್ಯದ ಮಾತಿನಲ್ಲೇ ತೋರಿಸುತ್ತಾರೆ. ಮೈ ದಪ್ಪವಾದರೆ ನಾನು ದಪ್ಪ ಎನ್ನುತ್ತೇವೆ, ಕಣ್ಣು ಹೋದರೆ ನಾನು ಕುರುಡ ಎನ್ನುತ್ತೇವೆ, ಹೆಂಡತಿ ಮಕ್ಕಳಿಗೆ ಕುಂದಾದರೆ ನನಗೇ ಕುಂದಾಯಿತೆಂದು ಕುಗ್ಗುತ್ತೇವೆ. ಈ ಪರಂಪರೆಯ ನಿಜವಾದ ಬಲ ಇಲ್ಲಿದೆ.

ಮುಂದಿನವರು ಈ ಬಲವನ್ನು ಅಷ್ಟೇ ಜತನವಾಗಿ ಉಳಿಸಿಕೊಳ್ಳಲಿಲ್ಲ. ಅವಿದ್ಯೆ ಯಾರನ್ನು ಆಶ್ರಯಿಸಿದೆ ಎಂಬ ಪ್ರಶ್ನೆ ಎದ್ದಾಗ ವಾಚಸ್ಪತಿಮಿಶ್ರರ ಭಾಮತಿ ಜೀವನನ್ನು ತೋರಿಸಿತು, ಪ್ರಕಾಶಾತ್ಮರ ವಿವರಣ ಬ್ರಹ್ಮವನ್ನು ತೋರಿಸಿತು. ಭ್ರಾಂತಿಗೆ ಉಪಾದಾನಕಾರಣವಾದ ಭಾವರೂಪದ ಮೂಲಾವಿದ್ಯೆಯೊಂದು ಸಿದ್ಧಾಂತದ ನಡುಮನೆಯಲ್ಲಿ ಕುಳಿತಿತು. ರಾಮಾನುಜರು ಶ್ರೀಭಾಷ್ಯದಲ್ಲಿ 7 ಅನುಪಪತ್ತಿಗಳನ್ನು, ಅಂದರೆ ಹೊಂದದ ಅಂಶಗಳನ್ನು, ಎತ್ತಿದಾಗ ಮೊದಲ ಪೆಟ್ಟು ಬಿದ್ದದ್ದೇ ಈ ಆಶ್ರಯದ ಮೇಲೆ. ಅವಿದ್ಯೆ ಯಾರದು ಎಂಬ ಪ್ರಶ್ನೆಗೆ ಶಂಕರರು, ಕೇಳುತ್ತಿರುವ ನಿನ್ನದೇ ಎಂದು ಉತ್ತರಿಸಿದ್ದರು. ದಾರಿಹೋಕನ ಬೆರಳಿನಂಥ ಆ ಉತ್ತರವನ್ನು ಬಿಟ್ಟು ಆಶ್ರಯ ಹುಡುಕಹೊರಟದ್ದು ದೊಡ್ಡ ನಷ್ಟ.

ಈ ನಷ್ಟವನ್ನು ಗುರುತಿಸಿದವರು ನಮ್ಮವರೇ. ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳಾಗಿ ಹೊಳೆನರಸೀಪುರದಲ್ಲಿ ನೆಲೆಸಿದ ವೈ. ಸುಬ್ಬರಾಯರು 1929ರಲ್ಲಿ 'ಮೂಲಾವಿದ್ಯಾನಿರಾಸ'ವನ್ನು ಪ್ರಕಟಿಸಿದರು. ಶಂಕರರ ಅವಿದ್ಯೆ ಎಂದರೆ ಅಧ್ಯಾಸವೇ, ಕಾರ್ಯಕಾರಣವೆಂಬುದೇ ಅವಿದ್ಯೆಯೊಳಗಿನ ವ್ಯವಹಾರವಾಗಿರುವಾಗ ಅವಿದ್ಯೆಗೆ ಇನ್ನೊಂದು ಕಾರಣ ಹುಡುಕುವುದು ಸಲ್ಲದು ಎಂಬುದು ಅವರ ವಾದ. ಇದಕ್ಕೂ ಒಂದು ತೊಡಕಿದೆ. ಅವಿದ್ಯೆ ಅಧ್ಯಾಸವೇ ಆದರೆ ಸುಷುಪ್ತಿಯಲ್ಲಿ, ಅಂದರೆ ಗಾಢನಿದ್ದೆಯಲ್ಲಿ, ಅದು ಇರಲಾರದು; ಹಾಗಿದ್ದರೆ ಎದ್ದ ಕೂಡಲೇ ಹಳೆಯ 'ನಾನು' ಎಲ್ಲಿಂದ ಬಂತು? ಸುಷುಪ್ತಿಯಲ್ಲಿ ಬೀಜ ಉಳಿಯುತ್ತದೆ ಎನ್ನುವ ಮಾತುಗಳು ಶಂಕರಭಾಷ್ಯದಲ್ಲೇ ಇವೆ. ಆದರೂ ಅಧ್ಯಾಸವನ್ನು ಮತ್ತೆ ಅನುಭವದ ನೆಲಕ್ಕೆ ತಂದ ಅವರ ದಾರಿಯೇ ಸರಿ ಎಂಬುದು ನನ್ನ ನಿಲುವು.

ಈ ಪರಂಪರೆಯ ಮೇಲಿರುವ ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ವರ್ಣ, ಆಶ್ರಮ, ವಯಸ್ಸುಗಳನ್ನು ಆತ್ಮನ ಮೇಲೆ ಹೊರಿಸಿಕೊಂಡ ಮೇಲೆಯೇ ಕರ್ಮಶಾಸ್ತ್ರದ ವಿಧಿಗಳು ನಡೆಯುತ್ತವೆ ಎಂದು ಅಧ್ಯಾಸಭಾಷ್ಯವೇ ಬಿಚ್ಚಿ ಹೇಳುತ್ತದೆ. ಹಾಗಾದರೆ ಜಾತಿಯ 'ನಾನು' ಕೂಡ ಅಧ್ಯಾಸವೇ. ಅದೇ ಬ್ರಹ್ಮಸೂತ್ರಭಾಷ್ಯ, ಶೂದ್ರನ ಅಧಿಕಾರವನ್ನು ಚರ್ಚಿಸುವ ಅಪಶೂದ್ರಾಧಿಕರಣಕ್ಕೆ ಬಂದಾಗ ಶೂದ್ರನಿಗೆ ವೇದಾಧ್ಯಯನದ ಬಾಗಿಲು ಮುಚ್ಚುತ್ತದೆ. ಇತಿಹಾಸ ಪುರಾಣಗಳ ದಾರಿ ತೆರೆದಿದೆ ಎನ್ನುತ್ತದೆ, ನಿಜ. ಆದರೆ ಹೊರಿಸಿಕೊಂಡದ್ದೆಂದು ತಾನೇ ತೋರಿಸಿದ ಗುರುತನ್ನೇ ಅರ್ಹತೆಯ ಅಳತೆಗೋಲಾಗಿ ಹಿಡಿದದ್ದನ್ನು ಯಾವ ಸಮಜಾಯಿಷಿಯೂ ಪೂರ್ತಿ ಮುಚ್ಚಲಾರದು. ಅರಿವು ಮರಹುಗಳ ಮಾತನ್ನು ಕನ್ನಡದಲ್ಲೇ ಆಡಿದ ವಚನಕಾರರು ಹುಟ್ಟಿನ ಹೆಮ್ಮೆಯನ್ನೂ ಮರಹಿನ ಲೆಕ್ಕಕ್ಕೆ ಸೇರಿಸಿದರು.

ಅದ್ವೈತವನ್ನು ಓದುವವರು ಅಧ್ಯಾಸಭಾಷ್ಯದಿಂದಲೇ ಶುರುಮಾಡಲಿ. ಮೂಲಾವಿದ್ಯೆಯ ಜಟಾಪಟಿ ಆಮೇಲೆ ಬರಲಿ. ಓದುತ್ತಾ ಮೈಯನ್ನು, ಮನೆಯನ್ನು, ಜಾತಿಯನ್ನು 'ನಾನು' ಎಂದು ಎಲ್ಲೆಲ್ಲಿ ಎಣಿಸಿಕೊಂಡಿದ್ದೇವೆ ಎಂದು ನೋಡಿಕೊಳ್ಳೋಣ. ಆ ಲೆಕ್ಕವನ್ನು ನಮ್ಮ ಪರವಾಗಿ ಬೇರೊಬ್ಬರು ಮಾಡಲು ಬರುವುದಿಲ್ಲ.