ಮೊದಲು ಊರ ಕೆರೆ, ಆಮೇಲೆ ಕಾಡು

ಪಕ್ಷಿವೀಕ್ಷಣೆ ಶುರು ಮಾಡಬೇಕೆಂದುಕೊಂಡವರು ಮೊದಲು ಕೇಳುವುದು ಎಲ್ಲಿಗೆ ಹೋಗಬೇಕು ಎಂದು. ರಂಗನತಿಟ್ಟು, ಮಂಡಗದ್ದೆ, ದಾಂಡೇಲಿ, ಕಬಿನಿ ಹಿನ್ನೀರು, ಹೀಗೆ ಅವರ ಬಳಿ ಹೆಸರುಗಳ ಪಟ್ಟಿಯೂ ಸಿದ್ಧವಿರುತ್ತದೆ. ಅದರ ಬೆನ್ನಿಗೇ ಯಾವ ಕ್ಯಾಮೆರಾ, ಎಷ್ಟು ದೊಡ್ಡ ಲೆನ್ಸು ಎಂಬ ಪ್ರಶ್ನೆ. ನನ್ನ ಸಲಹೆ ಎರಡಕ್ಕೂ ಎದುರಾದದ್ದು. ಮೊದಲ ಒಂದು ವರ್ಷ ಹಕ್ಕಿಗಾಗಿ ದೂರ ಹೋಗಬೇಡಿ, ಕ್ಯಾಮೆರಾಕ್ಕೆ ದುಡ್ಡು ಸುರಿಯಬೇಡಿ. ಮನೆಯಿಂದ ನಡೆದು ಹೋಗಬಹುದಾದ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಕೆರೆ ಏರಿಯಾಗಬಹುದು, ಕಾಲೇಜಿನ ಮೈದಾನವಾಗಬಹುದು, ಹುಣಸೆ ತೋಪಾಗಬಹುದು, ಬಡಾವಣೆಯ ಪಾರ್ಕಾದರೂ ಸರಿಯೇ. ಅಲ್ಲಿನ ಸಾಧಾರಣ ಹಕ್ಕಿಗಳನ್ನೇ ಮತ್ತೆ ಮತ್ತೆ ನೋಡಿ. ಇದು ಪ್ರಯಾಣಕ್ಕೆ ಬಿಡುವಿಲ್ಲದವರಿಗೆ, ಹಣವಿಲ್ಲದವರಿಗೆ ಹೇಳುವ ಸಮಾಧಾನದ ಮಾತಲ್ಲ. ಹಕ್ಕಿ ನೋಡುವ ಕಣ್ಣು ಪಳಗುವುದೇ ಈ ದಾರಿಯಲ್ಲಿ ಎಂಬುದು ನನ್ನ ವಾದ.

ಹಕ್ಕಿಯನ್ನು ಗುರುತಿಸುವುದೆಂದರೆ ಹೋಲಿಸುವುದು. ಗೊತ್ತಿರುವ ಹಕ್ಕಿಗಿಂತ ಇದು ದೊಡ್ಡದೋ ಚಿಕ್ಕದೋ, ಕೊಕ್ಕು ಗಿಡ್ಡವೋ ಉದ್ದವೋ, ಹಾರುವ ಧಾಟಿ ನೇರವೋ ಅಲೆಅಲೆಯೋ, ಕೂತಾಗ ಬಾಲ ಕುಣಿಸುತ್ತದೆಯೋ ಇಲ್ಲವೋ ಎಂದು ಕ್ಷಣಾರ್ಧದಲ್ಲಿ ತೂಗಿ ನೋಡಬೇಕು. ಹಾಗೆ ತೂಗಲು ಕೈಯಲ್ಲಿ ಬಟ್ಟುಗಳಿರಬೇಕಲ್ಲ? ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಹದ್ದುಗಳೇ ಆ ಬಟ್ಟುಗಳು. ಕರೆಂಟು ತಂತಿಯ ಮೇಲೆ ದಿನವೂ ಕೂರುವ ಕಾಜಾಣದ ಮಿರುಗುವ ಕಪ್ಪು, ಕವಲೊಡೆದ ಬಾಲ, ಬಾಯಿಯ ಮೂಲೆಯ ಪುಟ್ಟ ಬಿಳಿ ಚುಕ್ಕೆ ಚೆನ್ನಾಗಿ ಪರಿಚಯವಿದ್ದವರಿಗೆ ಮಾತ್ರ ಚಳಿಗಾಲದಲ್ಲಿ ಉತ್ತರದಿಂದ ಬರುವ ಬೂದು ಕಾಜಾಣ ಬೇರೆಯಾಗಿ ಕಾಣುತ್ತದೆ. ಅದರ ಮೈ ಮಾಸಲು, ಕಣ್ಣು ಕೆಂಪು, ಕೂರುವುದು ಹೆಚ್ಚಾಗಿ ಮರದ ಎತ್ತರದ ಕೊಂಬೆಯಲ್ಲಿ. ಮೊದಲನೆಯದನ್ನು ಅರಿಯದವರ ಕಣ್ಣಿಗೆ ಎರಡೂ ಒಂದೇ ಕರಿಹಕ್ಕಿ. ಕೆರೆಯಂಚಿನಲ್ಲಿ ಕೆಸರಿನ ಬಣ್ಣದಲ್ಲಿ ಮುದುಡಿ ಕೂತ ಕೊಳದ ಬಕ ಹಾರಿದ ಕೂಡಲೇ ಬೆಳ್ಳಗೆ ಹೊಳೆಯುತ್ತದೆ, ಮರಿ ಮಾಡುವ ಕಾಲಕ್ಕೆ ಬೆನ್ನು ಕಡುಗೆಂಪಾಗುತ್ತದೆ. ಒಂದೇ ಹಕ್ಕಿಯ ಈ ಮೂರು ರೂಪಗಳನ್ನು ಹೊಸಬರು ಮೂರು ಹಕ್ಕಿಗಳೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಸಂಗೀತದ ಮೇಷ್ಟ್ರು ಮಾಯಾಮಾಳವಗೌಳದಲ್ಲಿ ಸರಳೆ ವರಸೆಯನ್ನು ತಿಂಗಳುಗಟ್ಟಲೆ ಹಾಡಿಸುವುದು ಮುಂದೆ ಬರುವ ರಾಗಗಳಿಗೆ ಕಿವಿ ಸಿದ್ಧವಾಗಲಿ ಎಂದು. ಸಾಧಾರಣ ಹಕ್ಕಿಗಳ ಅಭ್ಯಾಸವೂ ಅಂಥದ್ದೇ.

ಒಂದೇ ಜಾಗ ಏಕೆ ಎಂದರೆ, ಹಕ್ಕಿಗಳ ಬದುಕು ಋತುವಿನ ಜೊತೆ ತಿರುಗುತ್ತದೆ. ಆ ತಿರುವು ಕಾಣುವುದು ನಿಂತಲ್ಲೇ ನಿಂತವರಿಗೆ. ಬೇಸಿಗೆಯುದ್ದಕ್ಕೂ ಕೂಗುವ ಕೋಗಿಲೆ ಚಳಿಗಾಲದಲ್ಲಿ ಎಲ್ಲೋ ಹೋಗಿಬಿಡುತ್ತದೆ ಎಂದು ನಂಬಿದವರು ಬಹಳ ಮಂದಿ. ಅದು ಹೋಗಿರುವುದಿಲ್ಲ, ಕೂಗು ನಿಲ್ಲಿಸಿರುತ್ತದೆ ಅಷ್ಟೆ. ಅದೇ ಆಲ, ಅತ್ತಿ ಮರಗಳಲ್ಲಿ ಹಣ್ಣು ತಿನ್ನುತ್ತ ಎಲೆಗಳ ನಡುವೆ ಅಡಗಿರುತ್ತದೆ. ಮೈತುಂಬ ಚುಕ್ಕೆಯಿರುವ ಕಂದು ಬಣ್ಣದ ಹೆಣ್ಣನ್ನು ಕೋಗಿಲೆಯೆಂದು ಗುರುತಿಸುವವರು ಇನ್ನೂ ಕಡಿಮೆ. ಕೆರೆಯ ಬಳಿ ವರ್ಷವಿಡೀ ಇರುವ ಕಪ್ಪು-ಬಿಳುಪಿನ ಸಿಪಿಲೆಯನ್ನು ಮಳೆಗಾಲದಲ್ಲೇ ನೋಡಿಟ್ಟುಕೊಂಡವರಿಗೆ, ಸೆಪ್ಟೆಂಬರಿನ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದಿಳಿಯುವ ಹಳದಿ ಹೊಟ್ಟೆಯ ಬೂದು ಸಿಪಿಲೆ ದೊಡ್ಡ ಸುದ್ದಿ. ವಲಸೆ ಎಂಬುದು ಪುಸ್ತಕದ ಪಾಠವಾಗಿ ಉಳಿಯದೆ ಕಣ್ಣೆದುರಿನ ಘಟನೆಯಾಗುವುದು ಹೀಗೆ. ಹತ್ತು ಊರುಗಳನ್ನು ಒಂದೊಂದು ದಿನ ನೋಡಿದವರಿಗೆ ಯಾವ ಊರಿನಲ್ಲೂ ಈ ಆಗಮನ ನಿರ್ಗಮನ ಕಾಣುವುದಿಲ್ಲ.

ಸಾಧಾರಣ ಹಕ್ಕಿಯಲ್ಲಿ ಹೊಸದೇನಿದೆ ಎಂಬುದಕ್ಕೆ ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಬದುಕೇ ಉತ್ತರ. ಜರ್ಮನಿಯಲ್ಲಿ ಕಲಿತು ಬಂದ ಅವರಿಗೆ ಮುಂಬೈಯಲ್ಲಿ ಕೆಲಸವಿರಲಿಲ್ಲ. 1930ರ ಮಳೆಗಾಲದಲ್ಲಿ ಅಲಿಬಾಗ್ ಸಮೀಪದ ಕಿಹಿಮ್ ಎಂಬ ಕರಾವಳಿ ಹಳ್ಳಿಯಲ್ಲಿದ್ದಾಗ, ಮನೆಯ ಹತ್ತಿರವೇ ಗೂಡು ಕಟ್ಟುತ್ತಿದ್ದ ಗೀಜಗಗಳನ್ನು ದಿನಗಟ್ಟಲೆ ಗಮನಿಸಿದರು. ಗಂಡು ಗೂಡನ್ನು ಅರ್ಧಕ್ಕೆ ತಂದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗಂಡು ಅದನ್ನು ಮುಗಿಸುತ್ತದೆ. ಆ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಇನ್ನೊಂದು ಗೂಡಿಗೆ ಕೈ ಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ನಮ್ಮ ಹೊಲಗಳಲ್ಲಿ ಎಲ್ಲರೂ ನೋಡುತ್ತಲೇ ಇದ್ದ ಹಕ್ಕಿಯ ಈ ಸಂಸಾರದ ಕ್ರಮವನ್ನು ಅವರು ವಿವರವಾಗಿ ಬರೆದದ್ದು ಅವರಿಗೆ ಹೆಸರು ತಂದಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಒತ್ತಾಸೆ, 1941ರಲ್ಲಿ ಬಂದ ಭಾರತದ ಹಕ್ಕಿಗಳ ಪುಸ್ತಕ, ಎಲ್ಲವೂ ಆಮೇಲಿನವು. ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಮೂಡಿಗೆರೆಯಲ್ಲಿ ತಮ್ಮ ಸುತ್ತ ಇದ್ದದ್ದನ್ನೇ ನೋಡಿದವರು. ಕನ್ನಡಿಗರಿಗೆ ಹಕ್ಕಿಗಳ ಹುಚ್ಚು ಹಿಡಿಸಿದ ಅವರ ಬರವಣಿಗೆಗೆ ಬೇರು ಅಲ್ಲಿದೆ.

ನಮ್ಮ ಬೀದಿಯಲ್ಲಿ ಕಾಗೆ, ಪಾರಿವಾಳ ಬಿಟ್ಟರೆ ಏನಿದೆ ಎಂದು ಕೇಳುವವರಿದ್ದಾರೆ. ನಗರಗಳಲ್ಲಿ ಮರಗಳು ಉರುಳಿವೆ, ಕೆರೆಗಳು ಕೆಟ್ಟಿವೆ ಎಂಬುದು ನಿಜ. ಆದರೂ ಹೂವಿರುವ ಒಂದು ಗಿಡಕ್ಕೆ ಸೂರಕ್ಕಿ ಬರುತ್ತದೆ, ಎಲೆ ಹೊಲಿಯುವ ಟುವ್ವಿ ಹಕ್ಕಿಗೆ ಕೈತೋಟದ ಮೂಲೆ ಸಾಕು, ಅತ್ತಿ ಜಾತಿಯ ಒಂದು ಮರವಿದ್ದರೆ ಕುಟ್ರು ಹಕ್ಕಿ ದಿನವಿಡೀ ಕೂಗುತ್ತದೆ. ಕಾಡಿನ ರೋಮಾಂಚ ಊರಲ್ಲಿ ಎಲ್ಲಿ ಸಿಗಬೇಕು ಎನ್ನುವವರಿಗೂ ಒಂದು ಮಾತಿದೆ. ಸಫಾರಿಯಲ್ಲಿ ಹುಲಿಯ ಸುಳಿವು ಹಿಡಿಯುವ ಮಾರ್ಗದರ್ಶಕರು ಮೊದಲು ನಂಬುವುದು ಕಿವಿಯನ್ನು. ಜಿಂಕೆಯ ಚೀತ್ಕಾರ, ಮುಸುವದ ಎಚ್ಚರಿಕೆಯ ಕೂಗು ಕೇಳಿ ಜೀಪು ನಿಲ್ಲಿಸುತ್ತಾರೆ. ಆ ಭಾಷೆಯನ್ನು ಊರಲ್ಲೇ ಕಲಿಯಬಹುದು. ಅಳಿಲು ಒಂದೇ ಸಮನೆ ಕಿರುಚಲು ಹತ್ತಿದರೆ, ಹರಟೆಮಲ್ಲಗಳ ಗುಂಪು ಒಂದು ಪೊದೆಯ ಸುತ್ತ ಗಲಾಟೆ ಎಬ್ಬಿಸಿದರೆ, ಅಲ್ಲಿ ಬೆಕ್ಕೋ ಹಾವೋ ಮುಂಗುಸಿಯೋ ಗಿಡುಗವೋ ಇರುವ ಸಂಭವ ಹೆಚ್ಚು. ಈ ಎಚ್ಚರ ಮೈಗೂಡಿದವರು ಕಾಡಿಗೆ ಹೋದಾಗ ಉಳಿದವರಿಗಿಂತ ಹೆಚ್ಚು ಕಾಣುತ್ತಾರೆ.

ಇನ್ನೊಂದು ಆಕ್ಷೇಪ ಈ ಕಾಲದ್ದು. ಮೊಬೈಲಿನ ಮರ್ಲಿನ್ ಆ್ಯಪ್ ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುವಾಗ ವರ್ಷಗಟ್ಟಲೆ ಕಲಿಯುವುದೇಕೆ? ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಉಚಿತವಾಗಿ ಕೊಟ್ಟಿರುವ ಆ ಆ್ಯಪ್ ಒಳ್ಳೆಯ ಸಂಗಾತಿಯೇ, ಬೇಡ ಎನ್ನುವುದಿಲ್ಲ. ಆದರೆ ಭೀಮರಾಜನಂಥ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಹಾಗೇ ಅನುಕರಿಸುತ್ತದೆ. ಆ್ಯಪ್ ಕೊಟ್ಟ ಹೆಸರು ಆ ಜಾಗಕ್ಕೆ, ಆ ತಿಂಗಳಿಗೆ ಹೊಂದುತ್ತದೆಯೇ ಎಂದು ತೀರ್ಮಾನಿಸಬೇಕಾದವರು ನಾವು. ಅದಕ್ಕೆ ಬೇಕಾದದ್ದು ನಮ್ಮ ತಿಳಿವಳಿಕೆ. ಕ್ಯಾಮೆರಾದ ತೊಂದರೆ ಬೇರೆ. ಅದು ಕೈಗೆ ಬಂದ ಕೂಡಲೇ ಗಮನ ಹಕ್ಕಿಯ ನಡವಳಿಕೆಯಿಂದ ಚಿತ್ರದ ಕಡೆಗೆ ಸರಿಯುತ್ತದೆ. ದುಡ್ಡು ಹಾಕಲೇಬೇಕೆಂದರೆ ಒಂದು ದುರ್ಬೀನು ಕೊಳ್ಳಿ. 8x42 ಎಂಬ ಅಳತೆ ಹೊಸಬರಿಗೆ ಹೇಳಿಸಿದ್ದು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲವಿರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಸಾಕಷ್ಟು ಬೆಳಕು ಬರುತ್ತದೆ. ಹತ್ತು ಪಟ್ಟಿನದು ಮೇಲೆಂದು ತೋರಿದರೂ ಅದರಲ್ಲಿ ಕೈನಡುಕವೂ ಅಷ್ಟೇ ಹಿಗ್ಗುತ್ತದೆ, ಕಾಣುವ ಹರವು ಸಾಮಾನ್ಯವಾಗಿ ಕಿರಿದಾಗುತ್ತದೆ. ಚುರುಕಾದ ಪುಟ್ಟ ಹಕ್ಕಿ ಅದರೊಳಗೆ ಸಿಕ್ಕುವುದು ಕಷ್ಟ.

ಇಷ್ಟೆಲ್ಲ ಮಾಡಿ ಪ್ರಯೋಜನವೇನು ಎಂಬುದು ಕೊನೆಯ ಪ್ರಶ್ನೆ. ನೋಡುವ ಸಂತೋಷವೇ ಸಾಕು ಎನ್ನಬಹುದು, ಆದರೆ ಅದಕ್ಕಿಂತ ಗಟ್ಟಿಯಾದ ಉತ್ತರವೂ ಇದೆ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು 30 ಸಾವಿರಕ್ಕೂ ಹೆಚ್ಚು ವೀಕ್ಷಕರು ಇ-ಬರ್ಡ್ ತಾಣಕ್ಕೆ ಸೇರಿಸಿದ ಸುಮಾರು 3 ಕೋಟಿ ದಾಖಲೆಗಳು. ತುರ್ತು ಗಮನ ಬೇಕಾದವು 178 ಪ್ರಭೇದಗಳೆಂದು ಅದು ಗುರುತಿಸಿತು. ಅಪರೂಪದ ಹಕ್ಕಿಗಳಷ್ಟೇ ಅಪಾಯದಲ್ಲಿಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠ ಕೂಡ ಕುಗ್ಗುತ್ತಿದೆ, ಅದರ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮರುಪರಿಶೀಲಿಸಬೇಕು ಎಂದು ಆ ವರದಿ ಹೇಳಿತು. ಇಂಥ ಲೆಕ್ಕದ ಮೂಲ ಸರಳ: ಸಲ್ಲಿಸಿದ ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಆ ಹಕ್ಕಿಯಿದೆ, ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ? ಹಾಗಾಗಿ ಕಂಡ ಹಕ್ಕಿಗಳನ್ನೆಲ್ಲ ಬರೆದ ಪೂರ್ಣ ಪಟ್ಟಿಗೇ ಬೆಲೆ. ಕಾಗೆ, ಗೊರವಂಕಗಳನ್ನು ಕೈಬಿಟ್ಟು ಅಪರೂಪದ್ದನ್ನಷ್ಟೇ ಬರೆದರೆ, ನಾಳೆ ಅವು ಕಡಿಮೆಯಾದಾಗ ಗೊತ್ತಾಗುವ ದಾರಿಯೇ ಇರುವುದಿಲ್ಲ. ಒಂದೇ ಕೆರೆಯಿಂದ ವಾರವಾರವೂ ಬರುವ ಸಾಧಾರಣ ಪಟ್ಟಿ ವಿಜ್ಞಾನಕ್ಕೆ ಬೇಕಾಗುವುದು ಈ ಕಾರಣಕ್ಕೆ.

ಹಾಗಾದರೆ ಕಾಡಿಗೆ ಹೋಗಲೇಬಾರದೇ? ಹೋಗಬೇಕು, ಒಂದು ವರ್ಷ ಕಳೆದ ಮೇಲೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು, ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನು ನೋಡಲೇಬೇಕು. ಆದರೆ ಸಹನೆ ಕಲಿಯದೆ ಅಲ್ಲಿಗೆ ಓಡಿದವರು ಹಕ್ಕಿಗೆ ಹಾನಿ ಮಾಡುವುದೇ ಹೆಚ್ಚು. ಹಕ್ಕಿ ಎದುರಿಗೆ ಬರಲೆಂದು ಮೊಬೈಲಿನಲ್ಲಿ ಅದರ ಕೂಗು ನುಡಿಸುತ್ತಾರೆ; ಎದುರಾಳಿ ಬಂದನೆಂದು ಗಂಡು ಗೂಡು ಬಿಟ್ಟು ಬರುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ ಸರಿಸುತ್ತಾರೆ. ಕಾಗೆಗೆ ದಾರಿ ತೆರೆದಂತಾಗುತ್ತದೆ. ಸಾಧಾರಣ ಹಕ್ಕಿಯೊಂದಿಗೆ ವರ್ಷ ಕಳೆದವರಿಗೆ ಈ ಅವಸರವಿರುವುದಿಲ್ಲ, ಹಕ್ಕಿ ಯಾವಾಗ ಬೆದರುತ್ತದೆ ಎಂಬುದೂ ಗೊತ್ತಿರುತ್ತದೆ. ಆದ್ದರಿಂದ ಈ ವಾರವೇ ಶುರು ಮಾಡಿ. ಒಂದು ಜಾಗ, ಸೂರ್ಯ ಹುಟ್ಟಿದ ಮೇಲಿನ ಅರ್ಧ ಗಂಟೆ, ಒಂದು ಪುಸ್ತಕ, ಒಂದು ಪೆನ್ಸಿಲು. ತಾರೀಕು, ಹೊತ್ತು, ಕಂಡ ಪ್ರತಿ ಹಕ್ಕಿ, ಅದು ಏನು ಮಾಡುತ್ತಿತ್ತು, ಇಷ್ಟನ್ನು ಬರೆಯಿರಿ. ಹೆಸರು ಗೊತ್ತಾಗದಿದ್ದರೆ ರೂಪ ಬರೆದಿಡಿ. ಕಾಗೆಯನ್ನು ಮಾತ್ರ ಬಿಡಬೇಡಿ.